ಜೋಳದ ಸೀಮೆಗೆ ಬಂದ ನೀರಿನ ಮನುಷ್ಯ

ದೊಡ್ಡವರ ಜೀವನಚರಿತ್ರೆ ಬರೆಯುವವರಿಗೆ ದಿನಚರಿಗಳುಂಟು, ಪತ್ರಗಳುಂಟು. ಬದುಕಿಡೀ ಹೊಲದಲ್ಲಿ ದುಡಿದು ಕಣ್ಮುಚ್ಚಿದವನನ್ನು ಏನನ್ನು ಹಿಡಿದು ನೆನೆಯಬೇಕು? ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನಲ್ಲಿ ನನಗೆ ಪರಿಚಿತರಾಗಿದ್ದ ವೃದ್ಧರೊಬ್ಬರು 2024ರ ಕೊನೆಯಲ್ಲಿ ತೀರಿಕೊಂಡಂದಿನಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ. ಅವರು ಬಿಟ್ಟುಹೋದ ಬರಹವೆಂದರೆ ತಗಡಿನ ಪೆಟ್ಟಿಗೆಯಲ್ಲಿದ್ದ ನಾಲ್ಕಾರು ಸರ್ಕಾರಿ ಕಾಗದಗಳು ಮಾತ್ರ. ಹೆಸರು ಹೇಳುವುದು ಬೇಡ. ನಾನು ಕರೆಯುತ್ತಿದ್ದಂತೆ ಇಲ್ಲಿಯೂ ಅವರನ್ನು ದಾದಾ ಎಂದೇ ಕರೆಯುತ್ತೇನೆ. ನನ್ನನ್ನು ಅವರು ‘ಮಾಸ್ಟರ್ ಮೊಶಾಯ್’ ಎನ್ನುತ್ತಿದ್ದರು. ಬಂಗಾಳಿಗರು ಮೇಷ್ಟರನ್ನು ಹಾಗೆ ಕರೆಯುವುದು ವಾಡಿಕೆ.

ಆರ್.ಎಚ್. ಎಂಬುದು ಯಾವ ಮಹಾಪುರುಷನ ಹೆಸರಿನ ಮೊದಲಕ್ಷರಗಳೂ ಅಲ್ಲ. ರಿಹ್ಯಾಬಿಲಿಟೇಶನ್, ಅಂದರೆ ಪುನರ್ವಸತಿ ಎಂಬ ಪದದ ಮೊಂಡು ರೂಪವದು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ 1970ರ ಆಸುಪಾಸಿನಲ್ಲಿ ಇಲ್ಲಿ ನೆಲೆ ಕಲ್ಪಿಸಿದರು. ಒಂದನೆಯ ಕ್ಯಾಂಪು, ಎರಡನೆಯ ಕ್ಯಾಂಪು ಎಂದು ಸಂಖ್ಯೆಗಳೇ ಊರುಗಳಾದವು. ದಾದಾ ಖುಲ್ನಾ ಕಡೆಯ ನದೀತೀರದವರು. 1964ರ ಗಲಭೆಯಲ್ಲಿ ಊರು ಬಿಟ್ಟು, ರಾಯಪುರದ ಬಳಿಯ ಮಾನಾ ಶಿಬಿರದಲ್ಲಿ ಕೆಲವು ವರ್ಷ ಕಳೆದರು. ರಾಯಚೂರಿಗೆ ಹೊರಡಬೇಕೆಂದಾಗ, ರಾಯಪುರದ ಪಕ್ಕದ ಊರೇ ಇರಬೇಕೆಂದು ತಿಳಿದು ಒಂದು ಗಂಟು ಮಾತ್ರ ಕಟ್ಟಿಕೊಂಡರಂತೆ!

ಅವರ ಬಾಯಿಂದ ನಾನು ಮತ್ತೆ ಮತ್ತೆ ಕೇಳಿದ ಕಥೆಯೊಂದಿದೆ. ಬಂದ ಹೊಸತರಲ್ಲಿ ಬಿಸಿಲಿನಲ್ಲಿ ನಡೆದು ಬಾಯಾರಿ, ಹತ್ತಿರದ ಹಳ್ಳಿಯ ಮನೆಯೊಂದರ ಮುಂದೆ ನಿಂತು ‘ಜೋಲ್, ಜೋಲ್’ ಎಂದರಂತೆ. ಬಂಗಾಳಿಯಲ್ಲಿ ಅದು ನೀರು. ಆ ತಾಯಿ ಒಳಗೆ ಹೋಗಿ ಮೊರದಲ್ಲಿ ಬಿಳಿಜೋಳ ತಂದು ಇವರ ಪಂಚೆಯ ಸೆರಗಿಗೆ ಸುರಿದಳು. ಇವರು ಮತ್ತೆ ‘ಜೋಲ್’ ಎಂದರು; ಅವಳು ಮತ್ತೆ ತಂದಳು. ಕೊನೆಗೆ ಬೊಗಸೆಯನ್ನು ಬಾಯಿಗಿಟ್ಟು ತೋರಿಸಿದ ಮೇಲೆ ಚೆಂಬು ಬಂತು. ‘ಜೋಳ ವಾಪಸ್ ತಗೊಳ್ಳಲಿಲ್ರಿ ಆ ಅವ್ವ’ ಎಂದು ದಾದಾ ಪ್ರತಿಸಲವೂ ಕಥೆ ಮುಗಿಸುತ್ತಿದ್ದರು.

ಕನ್ನಡ ಪಾಠ ಹೇಳಿ ಬದುಕಿದ ನನಗೆ ಆ ಕಥೆಯಲ್ಲಿ ಅವರ ಇಡೀ ಬಾಳು ಕಾಣುತ್ತದೆ. ನೀರಿನ ನಾಡಿನ ಮನುಷ್ಯ ಬಂದು ಸೇರಿದ್ದು ಜೋಳದ ಸೀಮೆಗೆ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯಿಂದ ಈ ಸೀಮೆಗೆ ನೀರು ಬಂದಿತ್ತು. ಆದರೆ ಹಿಂಗಾರಿ ಜೋಳ ಬೆಳೆಯುತ್ತಿದ್ದ ಎರೆಯ ಹೊಲ ಭತ್ತದ ಗದ್ದೆಯಾಗಬೇಕಾದರೆ ನೀರೊಂದೇ ಸಾಲದು. ನೆಲವನ್ನು ಮಟ್ಟ ಮಾಡಬೇಕು, ಒಡ್ಡು ಹಾಕಬೇಕು, ಕೆಸರು ಕಲೆಸಬೇಕು. ಎರೆಮಣ್ಣು ಹಸಿಯಾದರೆ ಕಾಲನ್ನು ಬಿಡದು, ಒಣಗಿದರೆ ಸಲಿಕೆಗೆ ಬಗ್ಗದು. ನೀರು ಹೆಚ್ಚಾಗಿ ನಿಂತರೆ ನೆಲ ಸವುಳಾಗುತ್ತದೆ. ತಮ್ಮ ಪಾಲಿನ ಹೊಲವನ್ನು ಹದಕ್ಕೆ ತರಲು ದಾದಾ ಆರು ವರ್ಷ ತೆಗೆದುಕೊಂಡರು. ಅಷ್ಟು ಕಾಲ ಹೊಟ್ಟೆಪಾಡಿಗಾಗಿ ಬೇರೆಯವರ ಗದ್ದೆಗಳಲ್ಲಿ ಕೂಲಿಗೆ ನಾಟಿ ಹಚ್ಚಿದರು.

ಕಾಲುವೆಯ ಕೊನೆಯ ಭಾಗದ ರೈತರ ಕಷ್ಟ ಪಟ್ಟಣದವರಾದ ನಮಗೆ ಅಷ್ಟಾಗಿ ತಿಳಿಯದು. ಮೇಲಿನವರು ತೂಬು ತೆರೆದುಕೊಂಡರೆ ಕೆಳಗಿನವರ ಸರದಿ ಬರುವಷ್ಟರಲ್ಲಿ ನೀರೇ ಮುಗಿದಿರುತ್ತದೆ. 1980ರ ದಶಕದ ಕೊನೆಯಲ್ಲಿ, ನಾನು ಸಿಂಧನೂರಿನಲ್ಲಿ ಹೊಸದಾಗಿ ಅಧ್ಯಾಪಕನಾಗಿದ್ದಾಗ, ಒಂದು ರಾತ್ರಿ ಅವರ ಜೊತೆ ಹೊಲಕ್ಕೆ ಹೋಗಿದ್ದೆ. ದಾದಾ ಕಂಬಳಿ ಹೊದ್ದು ಒಡ್ಡಿನ ಮೇಲೆ ಮಲಗಿದರು. ಒಂದು ಪಾದವನ್ನು ಮಾತ್ರ ಒಣಗಿದ ಹೊಲಗಾಲುವೆಯೊಳಗೆ ಇಳಿಬಿಟ್ಟಿದ್ದರು. ಏಕೆಂದು ಕೇಳಿದೆ. ‘ನೀರು ಬಂದ್ರ ಕಾಲಿಗೆ ಗೊತ್ತಾಗ್ತದ್ರಿ. ಕಣ್ಣಿಗ್ಯಾಕ ತ್ರಾಸು?’ ಎಂದು ಹೇಳಿ ಗೊರಕೆ ಹೊಡೆಯತೊಡಗಿದರು. ನಸುಕಿಗೆ ಆ ಪಾದ ತಟ್ಟನೆ ಅಲುಗಿತು; ಅವರು ಸಲಿಕೆ ಹಿಡಿದು ಎದ್ದರು. ನನ್ನ ಕಣ್ಣಿಗೆ ಇನ್ನೂ ನೀರು ಕಂಡಿರಲಿಲ್ಲ.

ಅನ್ನಕ್ಕೆ ಅವರು ‘ಭಾತ್’ ಎನ್ನುತ್ತಿದ್ದರು. ಸಂಸ್ಕೃತದಲ್ಲಿ ಅನ್ನವೆಂಬ ಅರ್ಥದ ‘ಭಕ್ತ’ವೇ ಪ್ರಾಕೃತದ ಮೂಲಕ ಅವರಲ್ಲಿ ಭಾತ್ ಆಗಿ ತಟ್ಟೆಯಲ್ಲಿ ಉಳಿಯಿತು, ನಮ್ಮಲ್ಲಿ ಭತ್ತವಾಗಿ ಗದ್ದೆಗಿಳಿಯಿತು. ಇದನ್ನು ಉತ್ಸಾಹದಿಂದ ವಿವರಿಸಿದಾಗ ದಾದಾ, ‘ನಡುವೆ ಕುಟ್ಟುವವರು ಯಾರು ಮಾಸ್ಟರ್ ಮೊಶಾಯ್?’ ಎಂದು ಕೇಳಿದರು. ನನ್ನ ವ್ಯುತ್ಪತ್ತಿಶಾಸ್ತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಮಗನ ಶಾಲೆಗೋ ಸಾಲಕ್ಕೋ ಕಚೇರಿಗೆ ಹೋದಾಗಲೆಲ್ಲ ‘ನಿಮ್ಮ ಮೂಲ ಊರು ಯಾವುದು?’ ಎಂಬ ಪ್ರಶ್ನೆ ಎದುರಾಗುತ್ತಿತ್ತು. ತಗಡಿನ ಪೆಟ್ಟಿಗೆಯನ್ನು ಅವರು ಹೆಗಲ ಮೇಲೆಯೇ ಹೊತ್ತು ಒಯ್ಯುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. ಕಾಗದಗಳನ್ನು ಮೇಜಿನ ಮೇಲೆ ಹರಡುವಾಗ ಆ ಒರಟು ಬೆರಳುಗಳು ನಡುಗುತ್ತಿದ್ದವು. ಸಲಿಕೆ ಹಿಡಿದಾಗ ಅವು ನಡುಗಿದ್ದನ್ನು ನಾನು ಎಂದೂ ನೋಡಿರಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಯಿತು. ಮರುದಿನ ಬೆಳಗ್ಗೆ ಅವರ ಮೊಮ್ಮಗ ಫೋನು ಮಾಡಿ ಅಜ್ಜನ ಕೈಗೆ ಕೊಟ್ಟ. ಐವತ್ತು ವರ್ಷ ನನ್ನ ಸೀಮೆಯ ಕನ್ನಡವನ್ನು ನನಗಿಂತ ಚೆನ್ನಾಗಿ ಆಡಿದ ಮನುಷ್ಯ ಅಂದು ಆ ಪದವನ್ನೇ ಮರೆತಿದ್ದರು. ‘ಜೋಲ್ ಹೋಯ್ತಂತಲ್ರಿ, ಮಾಸ್ಟರ್ ಮೊಶಾಯ್, ಎಲ್ಲಾ ಜೋಲ್ ಹೋಯ್ತಂತ?’ ಎಂದರು.

ಒಂದು ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿ ನೀರು ತಡೆದರು. ಮಳೆ ಹಿಡಿದು ಜಲಾಶಯ ಮತ್ತೆ ತುಂಬಿತು. ಕ್ಯಾಂಪಿನ ಗದ್ದೆಗಳಲ್ಲಿ ನಾಟಿಯೂ ಆಯಿತು. ಭತ್ತ ಹೊಡೆ ಒಡೆದದ್ದನ್ನು ದಾದಾ ನೋಡಿದರು. ಕೊಯ್ಲಿನ ಹೊತ್ತಿಗೆ ಅವರಿರಲಿಲ್ಲ.