ಕೂಲರ್ ಪಂಪು ಗರಗರ ಅಂದರೆ ಎಸೆಯಬೇಡಿ

ಕೊಟ್ಟೂರೇಶ್ವರನ ತೇರು ಮುಗಿಯಿತೆಂದರೆ ನಮ್ಮ ಕಡೆ ಅಟ್ಟದ ಮೇಲಿನ ಕೂಲರು ಕೆಳಗಿಳಿಯುತ್ತದೆ. ಕೂಡ್ಲಿಗಿಯಿರಲಿ, ಹಗರಿಬೊಮ್ಮನಹಳ್ಳಿಯಿರಲಿ, ಹರಪನಹಳ್ಳಿಯಿರಲಿ, ಆಮೇಲೆ ಒಂದೇ ದೂರು: ಪಂಪು ಸದ್ದು ಮಾಡುತ್ತದೆ, ನೀರು ಏರುವುದಿಲ್ಲ.

ತಪ್ಪು ಕಲ್ಪನೆ: ಸದ್ದು ಬಂತೆಂದರೆ ಮೋಟರ್ ಸುಟ್ಟಿದೆ.

ವಾಸ್ತವ: ಕಾಯಿಲ್ ಸುಟ್ಟ ಪಂಪು ಸಾಮಾನ್ಯವಾಗಿ ತೆಪ್ಪಗಿರುತ್ತದೆ. ಗುಂಯ್‌ಗುಡುತ್ತಿದೆ ಎಂದರೆ ಕಾಯಿಲಿಗೆ ಕರೆಂಟ್ ಹರಿಯುತ್ತಿದೆ ಎಂದೇ ಅರ್ಥ. ಒಳಗೆ ತಿರುಗುವುದು ಸಣ್ಣ ಕಡ್ಡಿಯ ಮೇಲೆ ಕೂತ ಒಂದು ದುಂಡು ಅಯಸ್ಕಾಂತ, ಅದರ ತುದಿಗೊಂದು ರೆಕ್ಕೆ, ಅಷ್ಟೇ. ಬೋರಿನ ಗಡಸು ನೀರು ಕೂಲರಿನಲ್ಲಿ ಆವಿಯಾಗುತ್ತಲೇ ಇರುತ್ತದೆ; ಉಪ್ಪು ಮಾತ್ರ ತೊಟ್ಟಿಯಲ್ಲೇ ಉಳಿಯುತ್ತದೆ. ಕಡ್ಡಿಗೆ, ಅಯಸ್ಕಾಂತಕ್ಕೆ ಸುಣ್ಣದ ಪೊರೆ ಕಟ್ಟಿದಾಗ ಅದು ಗೂಡಿನ ಗೋಡೆಗೆ ಉಜ್ಜಿ ಗರಗರ ಅನ್ನುತ್ತದೆ. ಪ್ಲಗ್ ಕಿತ್ತು, ಮುಂದಿನ ಮುಚ್ಚಳ ಬಿಚ್ಚಿ, ಅಯಸ್ಕಾಂತವನ್ನು ಹೊರಗೆಳೆದು ನಿಂಬೆರಸದಲ್ಲೋ ಹುಣಸೆ ನೀರಿನಲ್ಲೋ ಕೆಲವು ಗಂಟೆ ನೆನೆಸಿಡಿ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಪೊರೆ ಬಿಡುತ್ತದೆ. ಬಚ್ಚಲು ತೊಳೆಯುವ ಆಸಿಡ್ ಹಾಕುವವರಿದ್ದಾರೆ. ಅಷ್ಟು ಅವಸರ ಬೇಡ.

ತಪ್ಪು ಕಲ್ಪನೆ: ರೆಕ್ಕೆ ಸಡಿಲವಾಗಿದೆ, ಅಂಟು ಹಾಕಿ ಬಿಗಿ ಮಾಡಬೇಕು.

ವಾಸ್ತವ: ಒಳ್ಳೆಯ ಪಂಪನ್ನು ಕೈಯಾರೆ ಕೆಡಿಸುವ ದಾರಿ ಇದು. ಅನೇಕ ಪಂಪುಗಳಲ್ಲಿ ರೆಕ್ಕೆ ಅರ್ಧ ಸುತ್ತಿನಷ್ಟು ಸುಮ್ಮನೆ ತಿರುಗುವಂತೆ ಬೇಕೆಂದೇ ಮಾಡಿರುತ್ತಾರೆ. ಆ ಸಡಿಲದಲ್ಲಿ ಅಯಸ್ಕಾಂತ ಮೊದಲು ವೇಗ ಹಿಡಿದು, ಆಮೇಲೆ ನೀರಿನ ಭಾರ ಹೊರುತ್ತದೆ. ಅಂಟಿಸಿಬಿಟ್ಟರೆ ಶುರುವಾಗಲಾರದೆ ನಡುಗುತ್ತಾ ನಿಲ್ಲುತ್ತದೆ. ರೆಕ್ಕೆ ಒಮ್ಮೆ ಎಡಕ್ಕೆ, ಇನ್ನೊಮ್ಮೆ ಬಲಕ್ಕೆ ತಿರುಗಿದರೂ ಗಾಬರಿ ಬೇಡ. ನೇರ ರೆಕ್ಕೆ ಎರಡೂ ಕಡೆಗೆ ನೀರು ಎತ್ತುತ್ತದೆ.

ತಪ್ಪು ಕಲ್ಪನೆ: ಎರಡು ಹನಿ ಎಣ್ಣೆ ಬಿಟ್ಟರೆ ಸದ್ದು ನಿಲ್ಲುತ್ತದೆ.

ವಾಸ್ತವ: ಇದಕ್ಕೆ ನೀರೇ ಎಣ್ಣೆ. ನೀವು ಬಿಟ್ಟ ಎಣ್ಣೆಗೆ ಕೂಲರಿನ ಹುಲ್ಲಿನ ಚೂರು, ದೂಳು ಅಂಟುತ್ತವೆ.

ತಪ್ಪು ಕಲ್ಪನೆ: ಫಿಲ್ಟರಿನಿಂದ ಹೊರಹೋಗುವ ನೀರನ್ನು ಕೂಲರಿಗೆ ಹಾಕುವುದು ಜಾಣತನ.

ವಾಸ್ತವ: ಆರ್‌ಓ ಯಂತ್ರ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಆ ನೀರಿನಲ್ಲೇ ಇದೆ. ಪೊರೆ ಇನ್ನೂ ಬೇಗ ಕಟ್ಟುತ್ತದೆ. ಅದು ನೆಲ ಒರೆಸಲು ಸಾಕು. ಕೂಲರಿಗೆ ಹೊಳೆ ನೀರು ಸಿಕ್ಕಿದರೆ ಒಳ್ಳೆಯದು. ಬೋರಿನ ನೀರೇ ಗತಿಯಾದರೆ ಆಗಾಗ ತೊಟ್ಟಿ ಪೂರ್ತಿ ಖಾಲಿ ಮಾಡಿ ತುಂಬಿ.

ತಪ್ಪು ಕಲ್ಪನೆ: ಸದ್ದೆಲ್ಲ ಪಂಪಿನದೇ.

ವಾಸ್ತವ: ಗುಳುಗುಳು ಸದ್ದಾದರೆ ನೀರು ತಗ್ಗಿ ಗಾಳಿ ಎಳೆಯುತ್ತಿದೆ. ಡಬಡಬ ಎಂದರೆ ಪಂಪು ತಗಡಿಗೆ ಬಡಿಯುತ್ತಿದೆ. ಅಡಿಯಲ್ಲಿ ಸೈಕಲ್ ಟ್ಯೂಬಿನ ತುಂಡು ಇಡಿ.

ಕಡ್ಡಿ ಸವೆದಿದ್ದರೆ, ಅಯಸ್ಕಾಂತ ಬಿರಿದಿದ್ದರೆ, ವೈರಿನ ಹೊದಿಕೆ ಸೀಳಿದ್ದರೆ ಹೊಸದು ತನ್ನಿ. ಸದ್ದನ್ನು ಒಂದೆರಡು ದಿನ ಸಹಿಸಬಹುದು. ಆದರೆ ಕೂಲರಿನ ಮೈ ಮುಟ್ಟಿದಾಗ ಜುಮ್ಮೆಂದರೆ ಒಂದು ಗಳಿಗೆಯೂ ತಡೆಯಬೇಡಿ: ಮೇನ್ ಸ್ವಿಚ್ ಆರಿಸಿ, ಪ್ಲಗ್ ಕೀಳಿ, ಅರ್ಥಿಂಗ್ ನೋಡಿಸಿದ ಮೇಲೆಯೇ ಮತ್ತೆ ಹಾಕಿ.