ಹಿಡಿದೆಳೆದರೆ ಬದಲಾಗುವ ಯಂತ್ರಭಾಗ

ಮಂಡ್ಯ ಬಿಟ್ಟು ಮೈಸೂರಿನತ್ತ ಹೊರಟ ರೈಲು ಯಲಿಯೂರು ನಿಲ್ದಾಣ ದಾಟುವಾಗ ಕಿಟಕಿಯಾಚೆ ಕಾಣುವುದು ಕಬ್ಬು, ಭತ್ತದ ಗದ್ದೆಗಳು. ಕಬ್ಬಿದ್ದ ಸೀಮೆಯಲ್ಲಿ ಆಲೆಮನೆ, ಆಲೆಮನೆಯಲ್ಲಿ ಗಾಣ, ಗಾಣವಿದ್ದ ಮೇಲೆ ರಿಪೇರಿ ಇದ್ದದ್ದೇ. ಗಾಣದ ಉರುಳೆಯ ಶಾಫ್ಟನ್ನು ಹೊತ್ತ ಬೇರಿಂಗ್ ಗೂಡು ಸೀಳಿತೆಂದರೆ ಕೆಲಸ ನಿಂತಂತೆಯೇ. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ಅದರ ತೂಕವೂ ಇಳಿಯುತ್ತದೆ, ಸಿಹಿಯೂ ಇಳಿಯುತ್ತದೆ.

ಇಂಥ ಗೂಡೊಂದನ್ನು ಹೊಸದಾಗಿ ಮಾಡಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಹಳೆಯ ಗೂಡಿನ ಆಕಾರ ಕಂಪ್ಯೂಟರ್ ಕಡತದಲ್ಲಿ ಸಿದ್ಧವಾಗಿದೆ. ಆದರೆ ಈ ಸಲ ಹಾಕಲಿರುವ ಬೇರಿಂಗ್ ದೊಡ್ಡದು. ರಂಧ್ರದ ಅಳತೆಯೊಂದನ್ನು ಬದಲಿಸಿದರೆ ಸಾಕು. ಇಷ್ಟು ಚಿಕ್ಕ ಕೆಲಸವನ್ನು ಎರಡು ಬಗೆಯಲ್ಲಿ ಮಾಡಬಹುದು. ಈ ಎರಡರ ವ್ಯತ್ಯಾಸ ತಿಳಿದವನೇ ನಿಜವಾದ ವಿನ್ಯಾಸಗಾರ.

ಲೆಕ್ಕದ ಪುಸ್ತಕದ ದಾರಿ

ಕಂಪ್ಯೂಟರಿನ ಪರದೆಯ ಮೇಲೆ ನಕ್ಷೆ ಬರೆಯುವ ಕಲೆಗೆ ಅರವತ್ತು ವರ್ಷ ದಾಟಿದೆ. ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್ಲ್ಯಾಂಡ್ ಎಂಬ ಸಂಶೋಧಕ 1963ರಲ್ಲಿ 'ಸ್ಕೆಚ್‌ಪ್ಯಾಡ್' ರೂಪಿಸಿದಾಗ, ಬೆಳಕಿನ ಲೇಖನಿಯಿಂದ ಪರದೆಯ ಮೇಲೆಯೇ ಗೆರೆ ಎಳೆಯುವುದು ಸಾಧ್ಯವಾಯಿತು. 1982ರಲ್ಲಿ ಬಂದ ಆಟೋಕ್ಯಾಡ್ ಸಾಮಾನ್ಯ ಕಂಪ್ಯೂಟರಿಗೂ ಈ ಕೆಲಸವನ್ನು ತಂದಿತು. 1988ರಲ್ಲಿ ಪ್ರೊ-ಎಂಜಿನಿಯರ್ ಎಂಬ ತಂತ್ರಾಂಶ ಬಂದ ಮೇಲೆ ಯಂತ್ರಭಾಗ ಬರೀ ಗೆರೆಗಳ ಗುಂಪಾಗಿ ಉಳಿಯಲಿಲ್ಲ. ಮೊದಲು ಪೀಠ, ಆಮೇಲೆ ಅದರ ಮೇಲೆ ಉಬ್ಬು, ಉಬ್ಬಿನಲ್ಲಿ ರಂಧ್ರ, ಕೊನೆಗೆ ಮೂಲೆಗಳ ದುಂಡು ಎಂದು ಪ್ರತಿ ಹೆಜ್ಜೆಯನ್ನೂ ಅದು ಕ್ರಮವಾಗಿ ನೆನಪಿಡತೊಡಗಿತು.

ಇದು ಲೆಕ್ಕದ ಪುಸ್ತಕವಿದ್ದಂತೆ. ಹಿಂದಿನ ಪುಟದ ಒಂದು ಅಂಕಿ ತಿದ್ದಿದರೆ ಮುಂದಿನ ಮೊತ್ತಗಳೆಲ್ಲ ತಾವಾಗಿಯೇ ಬದಲಾಗುತ್ತವೆ. ತೊಂದರೆಯೂ ಇಲ್ಲಿಯೇ ಇದೆ. ಪುಸ್ತಕ ಬರೆದವನು ಬೇರೆ, ತಿದ್ದುವವನು ಬೇರೆ ಆದಾಗ ಯಾವ ಅಂಕಿ ಯಾವುದಕ್ಕೆ ಅಂಟಿಕೊಂಡಿದೆ ಎಂದು ಹುಡುಕುವುದೇ ದೊಡ್ಡ ಕೆಲಸ. ಐದನೇ ಹೆಜ್ಜೆ ಮುಟ್ಟಿದರೆ ಐವತ್ತನೇ ಹೆಜ್ಜೆ ಮುರಿದು ಬೀಳುವುದೂ ಉಂಟು.

ಇನ್ನೊಂದು ಮಾತು. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಆಕಾರವನ್ನು ಸಾಗಿಸಲು 'ಸ್ಟೆಪ್' ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದು ಮೊದಲು ಪ್ರಕಟವಾದದ್ದು 1994ರಲ್ಲಿ. ಸಾಮಾನ್ಯವಾಗಿ ಇಂಥ ಕಡತದಲ್ಲಿ ಬರುವುದು ಸಿದ್ಧ ಆಕಾರ ಮಾತ್ರ. ಅದನ್ನು ಕಟ್ಟಿದ ಹೆಜ್ಜೆಗಳು ಬರುವುದಿಲ್ಲ. ಮೊತ್ತ ಬಂತು, ಪುಸ್ತಕ ಬರಲಿಲ್ಲ! ಬೇರೆಯವರಿಂದ ಕಡತ ಪಡೆದು ಕೆಲಸ ಮಾಡುವ ಸಣ್ಣ ಕಾರ್ಖಾನೆಗಳಿಗೆ ಎದುರಾಗುವುದು ಈ ಸ್ಥಿತಿಯೇ.

ಹಸಿ ಮಡಕೆಯ ದಾರಿ

ಹೀಗಿರುವಾಗ ನೆರವಿಗೆ ಬರುವುದು ನೇರ ತಿದ್ದುಪಡಿ. ಕುಂಬಾರ ಹಸಿ ಮಡಕೆಯನ್ನು ತಟ್ಟಿ ಸರಿಪಡಿಸುವಂತೆ, ಇಲ್ಲಿ ಭಾಗದ ಒಂದು ಮುಖವನ್ನು ಮೌಸ್‌ನಿಂದ ಹಿಡಿದು ಎಳೆಯಬಹುದು, ತಳ್ಳಬಹುದು, ಓರೆ ಮಾಡಬಹುದು. ರಂಧ್ರವನ್ನು ಆಯ್ದು ಹೊಸ ವ್ಯಾಸ ಕೊಡಬಹುದು. ಆ ಮುಖ ಹುಟ್ಟಿದ್ದು ಹೇಗೆಂದು ಯಾರೂ ಕೇಳುವುದಿಲ್ಲ.

ಇದರ ಒಳಗುಟ್ಟು ಸರಳ. ಕಂಪ್ಯೂಟರ್ ಘನವಸ್ತುವನ್ನು ಅದರ ಮುಖಗಳು, ಅಂಚುಗಳು, ಮೂಲೆಗಳ ಪಟ್ಟಿಯಾಗಿ ಇಟ್ಟುಕೊಂಡಿರುತ್ತದೆ. ಯಾವ ಮುಖಕ್ಕೆ ಯಾವುದು ನೆರೆ ಎಂಬುದೂ ಆ ಪಟ್ಟಿಯಲ್ಲಿದೆ. ಒಂದು ಮುಖ ಸರಿದರೆ ನೆರೆಯ ಮುಖಗಳನ್ನು ಹಿಗ್ಗಿಸಿಯೋ ಕತ್ತರಿಸಿಯೋ ಮತ್ತೆ ಕೂಡಿಸಲಾಗುತ್ತದೆ, ಅಂಚುಗಳನ್ನು ಹೊಸದಾಗಿ ಲೆಕ್ಕ ಹಾಕಲಾಗುತ್ತದೆ. ಯಾವ ರೀತಿಯಲ್ಲೂ ಕೂಡಿಸಲಾಗದಿದ್ದರೆ ತಂತ್ರಾಂಶ ಆ ಬದಲಾವಣೆಯನ್ನು ಒಪ್ಪುವುದಿಲ್ಲ.

ಈ ವಿಧಾನ ತೀರ ಹೊಸದೇನಲ್ಲ. ಹ್ಯೂಲೆಟ್-ಪ್ಯಾಕರ್ಡ್ ಕಂಪೆನಿಯ ಸಾಲಿಡ್‌ಡಿಸೈನರ್ 1990ರ ದಶಕದ ಆರಂಭದಲ್ಲೇ ಇದನ್ನು ತೋರಿಸಿತ್ತು. 2007ರಲ್ಲಿ ಸ್ಪೇಸ್‌ಕ್ಲೇಮ್ ಬಂತು. ಮರುವರ್ಷ ಸೀಮೆನ್ಸ್ ಸಂಸ್ಥೆ, ನೇರ ತಿದ್ದುಪಡಿಯ ಸಲೀಸನ್ನೂ ಅಳತೆಗಳ ಹಿಡಿತವನ್ನೂ ಒಟ್ಟುಗೂಡಿಸುವ ತನ್ನ 'ಸಿಂಕ್ರೊನಸ್' ತಂತ್ರಜ್ಞಾನವನ್ನು ಪ್ರಕಟಿಸಿತು. ಇಂದು ಹೆಸರಾಂತ ತಂತ್ರಾಂಶಗಳಲ್ಲೆಲ್ಲ ಒಂದಲ್ಲ ಒಂದು ರೂಪದಲ್ಲಿ ಈ ಸೌಲಭ್ಯವಿದೆ.

ಹತ್ತು ಮಿಲಿಮೀಟರಿನ ಪಾಠ

ಇಷ್ಟು ಸುಲಭವಾದ ಮೇಲೆ ಹಳೆಯ ದಾರಿ ಏಕೆ ಬೇಕು? ಮತ್ತೆ ಗಾಣದ ಗೂಡಿಗೆ ಬರೋಣ.

ಗೂಡಿನ ಹೊರವ್ಯಾಸ 90 ಮಿಲಿಮೀಟರ್, ಒಳರಂಧ್ರ 60 ಎನ್ನಿ. ಆಗ ಸುತ್ತ ಉಳಿಯುವ ಗೋಡೆಯ ದಪ್ಪ 15. ಹೊಸ ಬೇರಿಂಗಿಗಾಗಿ ರಂಧ್ರವನ್ನು 70 ಮಾಡಬೇಕು. ನೇರ ತಿದ್ದುಪಡಿಯಲ್ಲಿ ರಂಧ್ರವನ್ನು ಆಯ್ದು 70 ಎಂದು ಬರೆದರೆ ಕ್ಷಣದಲ್ಲಿ ಕೆಲಸ ಮುಗಿಯಿತು. ಪರದೆಯ ಮೇಲೆ ಚಿತ್ರ ಅಚ್ಚುಕಟ್ಟಾಗಿಯೇ ಇದೆ. ಆದರೆ ಗೋಡೆ ಈಗ 10 ಮಿಲಿಮೀಟರ್. ಮೂರನೇ ಒಂದು ಭಾಗ ಕರಗಿಹೋಗಿದೆ. ಕಬ್ಬಿನ ಒತ್ತಡ ಹೊರಬೇಕಾದ ಬೀಡು ಕಬ್ಬಿಣದ ಗೂಡಿಗೆ ಇದು ಸಣ್ಣ ಮಾತಲ್ಲ.

ಹೆಜ್ಜೆಗಳ ದಾರಿಯಲ್ಲಿ, ಗೋಡೆ ಯಾವಾಗಲೂ 15 ಇರಬೇಕು ಎಂಬ ನಿಯಮವನ್ನು ಮೊದಲ ವಿನ್ಯಾಸಗಾರ ಬರೆದಿಟ್ಟಿದ್ದರೆ, ರಂಧ್ರ 70 ಆದೊಡನೆ ಹೊರವ್ಯಾಸ ತಾನಾಗಿಯೇ 100 ಆಗುತ್ತಿತ್ತು. ಆಗ ಬೇರೆಯದೇ ಪ್ರಶ್ನೆ: ಹಿಗ್ಗಿದ ಗೂಡು ಪಕ್ಕದ ಬೋಲ್ಟಿಗೆ ತಾಗುತ್ತದೆಯೇ? ಅದನ್ನು ನೋಡಬೇಕಾದವನು ಮನುಷ್ಯನೇ.

ನೇರ ತಿದ್ದುಪಡಿ ಹೇಳಿದ್ದನ್ನು ಮಾಡುತ್ತದೆ. ಅದರಾಚೆಗೆ ಏನಾಗಬೇಕೆಂದು ಅದಕ್ಕೆ ಗೊತ್ತಿರುವುದಿಲ್ಲ. ಆಕಾರದಲ್ಲಿ ಅಡಗಿದ್ದ ಉದ್ದೇಶವನ್ನು ತಿದ್ದುವವನೇ ತಲೆಯಲ್ಲಿ ಇಟ್ಟುಕೊಂಡಿರಬೇಕು. ತಪ್ಪು ಪರದೆಯ ಮೇಲಿದ್ದಾಗ ಒಂದು ಗುಂಡಿ ಒತ್ತಿದರೆ ಅಳಿಸಿಹೋಗುತ್ತದೆ. ಎರಕ ಹೊಯ್ದು, ಲೇತ್‌ನಲ್ಲಿ ಕಡೆದಾದ ಮೇಲೆ ಅದನ್ನು ಅಳಿಸಲಾಗದು.

ಏನು ಕಲಿಯಬೇಕು?

ಮಂಡ್ಯ ಸೀಮೆಯ ಮಕ್ಕಳಿಗೆ ಈ ವಿದ್ಯೆ ದೂರದ್ದಲ್ಲ. ಮಂಡ್ಯದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು 1962ರಿಂದ ನಡೆದುಬಂದಿದೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಅಚ್ಚು ಮತ್ತು ಉಪಕರಣ ತಯಾರಿಕೆಯಲ್ಲಿ ಡಿಪ್ಲೊಮಾ ಕಲಿಸುವ ಸರ್ಕಾರಿ ಸಂಸ್ಥೆ ಜಿಟಿಟಿಸಿಯ ಕೇಂದ್ರವೊಂದು ಮದ್ದೂರಿನಲ್ಲಿದೆ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಫ್ರೀಕ್ಯಾಡ್ ಎಂಬ ಉಚಿತ ತಂತ್ರಾಂಶದಲ್ಲಿ ಹೆಜ್ಜೆ ಹೆಜ್ಜೆಯಾಗಿ ಭಾಗ ಕಟ್ಟುವುದನ್ನು ಕಾಸು ಖರ್ಚಿಲ್ಲದೆ ಅಭ್ಯಾಸ ಮಾಡಬಹುದು.

ತಂದೆ ತಾಯಂದಿರು ಕೋರ್ಸಿಗೆ ಹಣ ಕಟ್ಟುವ ಮೊದಲು ಎಷ್ಟು ತಂತ್ರಾಂಶ ಕಲಿಸುತ್ತೀರಿ ಎಂದು ಕೇಳುವುದು ವಾಡಿಕೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಬೇರೆ ಇವೆ. ನಿಜವಾದ ಯಂತ್ರಭಾಗವನ್ನು ಕೈಯಲ್ಲಿ ಹಿಡಿದು, ವರ್ನಿಯರ್‌ನಿಂದ ಅಳೆದು ನಕ್ಷೆ ಮಾಡಿಸುತ್ತೀರಾ? ಬೇರೆಯವರ ಕಡತ ಕೊಟ್ಟು ತಿದ್ದಿಸುತ್ತೀರಾ? ತಿದ್ದಿದ ಮೇಲೆ ದಪ್ಪ, ಅಂತರ, ಜೋಡಣೆಗಳನ್ನು ಪರೀಕ್ಷಿಸಲು ಕಲಿಸುತ್ತೀರಾ?

ತಂತ್ರಾಂಶದ ಹೆಸರು ಹತ್ತು ವರ್ಷಕ್ಕೊಮ್ಮೆ ಬದಲಾದೀತು, ಗುಂಡಿಗಳ ಜಾಗವೂ ಬದಲಾದೀತು. ಆದರೆ ಈ ರಂಧ್ರ ಇಲ್ಲೇ ಏಕಿದೆ, ಈ ಗೋಡೆ ಇಷ್ಟೇ ದಪ್ಪ ಏಕಿದೆ ಎಂದು ಕೇಳುವ ಅಭ್ಯಾಸವನ್ನು ಯಾವ ಹೊಸ ಆವೃತ್ತಿಯೂ ಹಳತಾಗಿಸಲಾರದು. ಅಷ್ಟನ್ನು ಕಲಿತ ಹುಡುಗಿಯೋ ಹುಡುಗನೋ ಮುಖವನ್ನು ಧೈರ್ಯವಾಗಿ ಹಿಡಿದು ಎಳೆಯಲಿ. ಗಾಣ ನಿಲ್ಲದೆ ತಿರುಗುತ್ತದೆ.