ಬೋಧನಾಭ್ಯಾಸವೂ ಅನುಭವವೇ: ಸ್ವವಿವರ ಬರೆಯುವ ಬಗೆ

ಲಕ್ಕಲಕಟ್ಟಿಯ ಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಇಂಟರ್ನ್‌ಶಿಪ್ ಮುಗಿಯುವ ವಾರ, ಅವರು ಬರೆದ ಸ್ವವಿವರಗಳನ್ನು ಓದಿದೆ. ತಂದೆಯ ಹೆಸರು, ಜಾತಿ, ಹವ್ಯಾಸ ಎಲ್ಲವೂ ಇದ್ದವು. ‘ಬೋಧನಾ ಅನುಭವ’ದ ಎದುರು ಮಾತ್ರ ಬಹುತೇಕರು ‘ಇಲ್ಲ’ ಎಂದು ಬರೆದಿದ್ದರು. ಎರಡು ವರ್ಷದ ಬಿ.ಇಡಿ.ಯಲ್ಲಿ 20 ವಾರ ಶಾಲೆಯಲ್ಲೇ ಕಳೆಯುತ್ತೇವೆ. ಎರಡನೆಯ ವರ್ಷವೊಂದರಲ್ಲೇ 16 ವಾರ. ಅದನ್ನು ‘ಇಲ್ಲ’ ಎನ್ನುವುದು ಹೇಗೆ?

ಸ್ವವಿವರ ಎಲ್ಲೆಡೆಯೂ ಬೇಕಾಗುವುದಿಲ್ಲ. ಸರ್ಕಾರಿ ಶಿಕ್ಷಕರ ನೇಮಕಾತಿಗೆ ನಿಗದಿತ ಅರ್ಜಿ ಇದೆ. ಅಲ್ಲಿ ಅರ್ಹತೆ, ಅಂಕ, ಪರೀಕ್ಷೆಯೇ ಮುಖ್ಯ. ಗಜೇಂದ್ರಗಡ, ರೋಣ, ನರೇಗಲ್ಲಿನ ಖಾಸಗಿ ಶಾಲೆಗಳಿಗೆ ಹೋಗುವಾಗ ಅದು ಬೇಕು. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವ ದೂರದಲ್ಲೇ ಕೆಲಸ ಹುಡುಕಬೇಕಾದವರಿಗೆ, ಅದರಲ್ಲೂ ನಮ್ಮ ವಿದ್ಯಾರ್ಥಿನಿಯರಿಗೆ, ಇಂಥ ಅವಕಾಶಗಳು ಕೆಲವೇ. ಆದ್ದರಿಂದ ಒಂದೇ ಪುಟವಾದರೂ ಅಚ್ಚುಕಟ್ಟಾಗಿರಬೇಕು.

ನಾನು ಸೂಚಿಸುವ ಕ್ರಮ ಹೀಗಿದೆ:

1. ಹೆಸರು, ಊರು, ಮೊಬೈಲ್ ಸಂಖ್ಯೆ. ಹೆಸರು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇರುವಂತೆಯೇ ಇರಲಿ.

2. ಯಾವ ವಿಷಯ, ಯಾವ ತರಗತಿಗಳಿಗೆ ಅರ್ಜಿ ಎಂಬ ಒಂದು ಸಾಲು.

3. ವಿದ್ಯಾರ್ಹತೆ, ಇತ್ತೀಚಿನದು ಮೊದಲು. ಟಿ.ಇ.ಟಿ. ಆಗಿದ್ದರೆ ಯಾವ ಪತ್ರಿಕೆ ಎಂದು ತಿಳಿಸಿ: ಮೊದಲನೆಯದು 1ರಿಂದ 5, ಎರಡನೆಯದು 6ರಿಂದ 8ನೇ ತರಗತಿಗೆ. ಫಲಿತಾಂಶ ಬರಬೇಕಿದ್ದರೆ ಹಾಗೆಂದೇ ಬರೆಯಿರಿ.

4. ಬೋಧನಾ ಅನುಭವ.

5. ಕಂಪ್ಯೂಟರ್, ಹಾಡು, ಆಟ ಮುಂತಾದವುಗಳಲ್ಲಿ ಶಾಲೆಗೆ ಉಪಯೋಗವಾಗುವಂಥವು ಮಾತ್ರ.

6. ನಿಮ್ಮ ಪಾಠ ನೋಡಿದ ಇಬ್ಬರ ಹೆಸರು, ಅವರ ಒಪ್ಪಿಗೆ ಪಡೆದು.

ಜಾತಿ, ಧರ್ಮ, ವೈವಾಹಿಕ ಸ್ಥಿತಿ ಇಲ್ಲಿ ಬೇಡ. ಅವು ವರಾನ್ವೇಷಣೆಯ ಬಯೋಡೇಟಾದಿಂದ ಬಂದು ಸೇರಿಕೊಂಡವು.

ಹೆಚ್ಚು ಸ್ಥಳ ಕೊಡಬೇಕಾದದ್ದು ನಾಲ್ಕನೆಯ ಅಂಶಕ್ಕೆ. ‘ಕಠಿಣ ಪರಿಶ್ರಮಿ, ಮಕ್ಕಳೆಂದರೆ ಪ್ರೀತಿ’ ಎಂದು ಯಾರು ಬೇಕಾದರೂ ಬರೆಯಬಹುದು. ಮಾಡಿದ ಕೆಲಸವನ್ನು ಬರೆದರೆ ಓದುವವರಿಗೆ ನಿಮ್ಮ ತರಗತಿ ಕಾಣುತ್ತದೆ. ಗಣಿತದ ಪ್ರಶಿಕ್ಷಣಾರ್ಥಿಯೊಬ್ಬಳ ‘ಇಲ್ಲ’ವನ್ನು ಅವಳ ದಾಖಲೆ ಪುಸ್ತಕ ನೋಡುತ್ತ ಇಬ್ಬರೂ ಕೂಡಿ ತಿದ್ದಿದೆವು:

‘16 ವಾರಗಳ ಶಾಲಾ ಇಂಟರ್ನ್‌ಶಿಪ್, ಲಕ್ಕಲಕಟ್ಟಿ. 8ನೇ ತರಗತಿಗೆ ಗಣಿತ ಬೋಧನೆ. ಉಳ್ಳಾಗಡ್ಡಿ ಮಾರಾಟದ ಲೆಕ್ಕ ಬಳಸಿ ಲಾಭ–ನಷ್ಟ ಪಾಠ. ನೈದಾನಿಕ ಪರೀಕ್ಷೆಯಿಂದ ಶೇಕಡಾ ಲೆಕ್ಕದಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಪರಿಹಾರ ಬೋಧನೆ. ನೀಲನಕ್ಷೆ ಸಹಿತ ಘಟಕ ಪರೀಕ್ಷೆ ತಯಾರಿ.’

ಇದರಲ್ಲಿ ಹೊಸದಾಗಿ ಸೇರಿಸಿದ್ದು ಏನೂ ಇಲ್ಲ. ಸಂದರ್ಶನದಲ್ಲಿ ಪ್ರತಿ ಸಾಲಿಗೂ ಪ್ರಶ್ನೆ ಬರಬಹುದು. ಪ್ರತಿಯೊಂದಕ್ಕೂ ಅವಳ ಬಳಿ ಪಾಠ ಯೋಜನೆ, ಉತ್ತರ ಪತ್ರಿಕೆ, ಚಾರ್ಟು ಇವೆ. ತೋರಿಸಲಾಗದ್ದನ್ನು ಬರೆಯಬೇಡಿ. ನೋಡಿ ಓದಬಲ್ಲ ಇಂಗ್ಲಿಷನ್ನು ‘ನಿರರ್ಗಳ’ ಎಂದರೆ ಮೊದಲ ಪ್ರಶ್ನೆಯಲ್ಲೇ ತಿಳಿದುಬಿಡುತ್ತದೆ.

ಹಾಗಾಗಿ ಇಂಟರ್ನ್‌ಶಿಪ್ ನಡೆಯುತ್ತಿರುವಾಗಲೇ ಪ್ರತಿ ಶನಿವಾರ ಮೂರು ಸಾಲು ಬರೆದಿಡಿ: ಏನು ಕಲಿಸಿದೆ, ಮಕ್ಕಳು ಎಲ್ಲಿ ತಡವರಿಸಿದರು, ಅದಕ್ಕೆ ಏನು ಮಾಡಿದೆ. 16 ವಾರ ಮುಗಿಯುವಷ್ಟರಲ್ಲಿ ನಿಮ್ಮ ಸ್ವವಿವರದ ಮುಖ್ಯ ಭಾಗ ಕೈಯಲ್ಲಿರುತ್ತದೆ.